ಚಿಕ್ಕಮ್ಮನ ಫೋನಿನ ಹಾಡು
ಭಾನುವಾರ ನಮ್ಮ ಮನೆ ಗುಂಪಿನಲ್ಲಿ ನಡೆದದ್ದು. ಬೆಳಗಿನ ಶುಭೋದಯದ ಹೂಗಳನ್ನು ಮಾತ್ರ ತೆಗೆದಿದ್ದೇನೆ, ಉಳಿದದ್ದು ಇದ್ದ ಹಾಗೇ ಇದೆ.

ದೊಡ್ಡಮಾವ: (ಫಾರ್ವರ್ಡ್) ಎಲ್ಲರ ಗಮನಕ್ಕೆ!! ಮೊಬೈಲ್ ಕಂಪನಿ ನಿಮ್ಮನ್ನು ಕೇಳದೆ ಪ್ಲಾನ್ ಬದಲಿಸಿದರೆ ಒಂದು ಪೈಸೆ ದಂಡ ಕಟ್ಟದೆ ಕರಾರು ಮುರಿಯಬಹುದು. ಹೊಸ ಕಾನೂನು ಬಂದಿದೆ. ಕಂಪನಿಯವರು ಇದನ್ನು ಹೇಳುವುದಿಲ್ಲ. 10 ಜನರಿಗೆ ಕಳಿಸಿ 🙏🙏

ಸರೋಜ ಚಿಕ್ಕಮ್ಮ: ಸರಿಯಾದ ಹೊತ್ತಿಗೆ ಕಳಿಸಿದೆ ಅಣ್ಣ. ನನಗೂ ಹೀಗೇ ಆಗಿದೆ. ಯಾರು ಫೋನ್ ಮಾಡಿದರೂ ಅದೇನೋ ಹಾಡು ಕೇಳಿಸುತ್ತದಂತೆ. ನಾನು ಹಾಕಿಸಿಯೇ ಇಲ್ಲ. ದುಡ್ಡು ಮಾತ್ರ ತಿಂಗಳು ತಿಂಗಳು ಕಟ್ ಆಗುತ್ತಿದೆ.

ರಘು: ದೊಡ್ಡಪ್ಪ, ಇದು ಯಾವ ದೇಶದ ಕಾನೂನು? ಲಿಂಕ್ ಇದೆಯಾ?

ದೊಡ್ಡಮಾವ: ಒಳ್ಳೆಯದು ಹೇಳಿದರೂ ಲಿಂಕ್ ಕೇಳುವ ಕಾಲ ಬಂತು. ನಮ್ಮಪ್ಪ ಒಂದು ಮಾತು ಹೇಳಿದರೆ ಮುಗಿಯಿತು, ಯಾರೂ ಲಿಂಕ್ ಕೇಳುತ್ತಿರಲಿಲ್ಲ.

ರಘು: ಆಗ ಲಿಂಕೇ ಇರಲಿಲ್ಲವಲ್ಲ

ಗಿರೀಶ: ಅಜ್ಜ ಅಂದಾಗ ನೆನಪಾಯಿತು. ಹಳೇ ಮನೆ ಫೋನಿನ ಡಯಲ್‌ಗೆ ಪುಟ್ಟ ಬೀಗ ಹಾಕಿರುತ್ತಿದ್ದರು, ಕೀಲಿ ಅಜ್ಜನ ಉಡಿದಾರದಲ್ಲಿ! ರಿಸೀವರ್ ಕೆಳಗಿನ ಗುಂಡಿಯನ್ನು ಟಕ ಟಕ ಒತ್ತಿ ನಾವು ನಂಬರ್ ಹಚ್ಚುತ್ತಿದ್ದೆವು. 4 ಬೇಕಾದರೆ 4 ಸಲ. ಸೊನ್ನೆ ಬಂತೆಂದರೆ ಸತ್ತೆವು, 10 ಸಲ. ಬಿಲ್ ಬಂದ ದಿನ ರಘು ನನ್ನ ಹೆಸರು ಹೇಳಿ ಪಾರಾದ.

ರಘು: ಆಗ ನನಗೆ 7 ವರ್ಷ ಮಾರಾಯ

ಗಿರೀಶ: ಏಟು ತಿಂದವನಿಗೆ 9

ಶ್ರೀಧರ: ಅಮ್ಮಾ, ದುಡ್ಡು ಹೋಗುತ್ತಿದೆ ಅಂತ ನನಗೆ ಹೇಳಬಾರದಿತ್ತಾ?

ಸರೋಜ ಚಿಕ್ಕಮ್ಮ: ನೀನು ಫೋನ್ ಎತ್ತಿದರೆ ತಾನೆ. ನಾನು ಮಾಡಿದಾಗಲೆಲ್ಲ ಲಂಡನ್ನಿನಲ್ಲಿ ಮೀಟಿಂಗ್.

ಶ್ರೀಧರ: ಸರಿ ಬಿಡು. ಮಾವ, ಆ ಮೆಸೇಜು ನಮ್ಮ ಬ್ರಿಟನ್ ಕಡೆಯ ನಿಯಮ ಇದ್ದ ಹಾಗಿದೆ. ಇಲ್ಲಿ ಫೋನ್ ಕಂಪನಿಗಳನ್ನು ಅಂಕೆಯಲ್ಲಿಡುವ ಆಫ್‌ಕಾಮ್ ಅಂತ ಒಂದು ಸಂಸ್ಥೆ ಇದೆ. ಗ್ರಾಹಕನಿಗೆ ನಷ್ಟವಾಗುವ ಹಾಗೆ ಕಂಪನಿ ಕರಾರು ಬದಲಿಸುವುದಾದರೆ ಒಂದು ತಿಂಗಳು ಮೊದಲೇ ತಿಳಿಸಬೇಕು, ಬೇಡ ಅಂದವನನ್ನು ದಂಡ ಇಲ್ಲದೆ ಬಿಡಬೇಕು. ಆದರೆ ಒಂದು ಕೊಕ್ಕೆ ಇದೆ. ವರ್ಷ ವರ್ಷ ಇಷ್ಟು ಏರಿಸುತ್ತೇವೆ ಅಂತ ಸಹಿ ಹಾಕುವಾಗಲೇ ಬರೆದಿದ್ದರೆ, ಆ ಏರಿಕೆ ಹೆಸರು ಹೇಳಿ ಬಿಟ್ಟು ಹೋಗುವ ಹಾಗಿಲ್ಲ. 2025ರ ಜನವರಿ 17ರಿಂದ ಹೊಸ ಕರಾರುಗಳಲ್ಲಿ ಹಣದುಬ್ಬರದ ಲೆಕ್ಕ ಹೇಳಿ ಏರಿಸುವಂತಿಲ್ಲ, ಎಷ್ಟು ಪೌಂಡು ಎಷ್ಟು ಪೆನ್ಸು ಅಂತ ಮೊದಲೇ ಬಿಡಿಸಿ ಹೇಳಬೇಕು. ನಾನು ಸಹಿ ಹಾಕುವಾಗ ಅದನ್ನು ಓದಿರಲಿಲ್ಲ ಅನ್ನುವುದು ಬೇರೆ ಮಾತು.

ದೊಡ್ಡಮಾವ: ನೋಡಿದೆಯಾ ರಘು? ಸತ್ಯ ಅಂತ ಶ್ರೀಧರನೇ ಹೇಳಿದ.

ರಘು: ಅವನ ಊರಲ್ಲಿ ಸತ್ಯ ದೊಡ್ಡಪ್ಪ. ಅತ್ತೆಯದು ಪ್ರೀಪೇಯ್ಡ್. ಮುರಿಯುವುದಕ್ಕೆ ಕರಾರು ಎಲ್ಲಿದೆ?

ನಾನು: ನಮ್ಮಲ್ಲಿ ಟ್ರಾಯ್ (ಭಾರತದ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ) ನಿಯಮ ಬೇರೆ. ಒಂದು ಪ್ಲಾನಿಗೆ ಸೇರಿದ ಮೇಲೆ 6 ತಿಂಗಳು ಅದರ ದರ ಏರಿಸುವ ಹಾಗಿಲ್ಲ. ಚಿಕ್ಕಮ್ಮಂದು ಪ್ಲಾನೇ ಅಲ್ಲ, ಕಾಲರ್ ಟ್ಯೂನ್. ಅಂಥದ್ದನ್ನು ಶುರು ಮಾಡುವ ಮುಂಚೆ ಎರಡು ಸಲ ಒಪ್ಪಿಗೆ ಕೇಳಬೇಕು ಅಂತ 2013ರಲ್ಲೇ ಆದೇಶ ಆಗಿದೆ. ನಿಲ್ಲಿಸುವುದಕ್ಕೆ 155223. ಬಗ್ಗದಿದ್ದರೆ 198ಕ್ಕೆ ದೂರು ಕೊಡಿ, ದೂರಿನ ನಂಬರ್ ಕೇಳಿ ಬರೆದಿಟ್ಟುಕೊಳ್ಳಿ.

(ಇದಕ್ಕೆ ಯಾರೂ ಉತ್ತರಿಸಲಿಲ್ಲ. ಎರಡು ನೀಲಿ ಟಿಕ್ ಬಂತು, ಅಷ್ಟೆ.)

ದೊಡ್ಡಮಾವ: ಕಂಪನಿಯನ್ನೇ ಬಿಟ್ಟುಬಿಡು ಸರೋಜಾ. ಸ್ವಾಭಿಮಾನ ಮುಖ್ಯ.

ಸರೋಜ ಚಿಕ್ಕಮ್ಮ: ಬೇಡಪ್ಪಾ. ಹೋದ ಸಲ ರಘು ಪೋರ್ಟ್ ಮಾಡಿಸಿ ನನ್ನ ಬ್ಯಾಲೆನ್ಸೆಲ್ಲ ಹೋಯಿತು.

ರಘು: ಅತ್ತೆ, ಬ್ಯಾಲೆನ್ಸ್ ಜೊತೆಗೆ ಬರುವುದಿಲ್ಲ ಅಂತ ಆಗಲೇ ಹೇಳಿದ್ದೆ. 1900ಕ್ಕೆ ಮೆಸೇಜ್ ಮಾಡಿದರೆ ಕೋಡ್ ಬರುತ್ತದೆ, ಅದಕ್ಕೆ 4 ದಿನ ಆಯುಷ್ಯ, ಅಷ್ಟರಲ್ಲಿ ಬ್ಯಾಲೆನ್ಸ್ ಮುಗಿಸಿ ಅಂದೆ. ನೀವು ಉಳಿಸಿಟ್ಟಿರಿ.

ದೊಡ್ಡಮಾವ: ಹೇಳಿದ್ದೆ ಹೇಳಿದ್ದೆ ಅನ್ನುವುದು ಸುಲಭ. ನಿನ್ನ ಮದುವೆ ಕಾರ್ಡಿನಲ್ಲೂ ನನ್ನ ಹೆಸರು ಹಾಕುವುದಕ್ಕೆ ಹೇಳಿದ್ದೆಯಂತೆ. ಬಂತಾ?

ರಘು: ಬಂತು ನೋಡಿ ಹಳೇ ಪುರಾಣ

ಗಿರೀಶ: 🍿

ರಘು: ಜಾಗ ಇರಲಿಲ್ಲ ಅಂತ ಪ್ರಿಂಟಿಂಗಿನವರು ಬಿಟ್ಟರು ದೊಡ್ಡಪ್ಪ. 11 ವರ್ಷ ಆಯಿತು. ಅತ್ತೆ, ಆ ಹಾಡು ಹೇಗೆ ಬಂತು ಅದನ್ನು ಹೇಳಿ.

ಸರೋಜ ಚಿಕ್ಕಮ್ಮ: ಅಣ್ಣನಿಗೆ ಫೋನ್ ಮಾಡಿದ್ದೆ. ಅವನು ಎತ್ತಲಿಲ್ಲ. "ಈ ಹಾಡು ಬೇಕಿದ್ದರೆ ಸ್ಟಾರ್ ಒತ್ತಿ" ಅಂತ ಒಬ್ಬಳು ಹೇಳುತ್ತಿದ್ದಳು. ಸುಮ್ನೆ ಕಟ್ ಮಾಡೋಣ ಅಂದರೆ ಕನ್ನಡಕ ಇರಲಿಲ್ಲ, ಏನು ಒತ್ತಿದೆನೋ. ಆಮೇಲೆ 1 ಅಂತ ಕಳಿಸಿ ಅಂತ ಮೆಸೇಜ್ ಬಂತು. ಪಾಪ, ಅಷ್ಟು ಮರ್ಯಾದೆಯಿಂದ ಕೇಳುತ್ತಿದ್ದಾರೆ ಅಂತ ಕಳಿಸಿದೆ.

ನಾನು: ಎರಡು ಸಲ ಕೇಳಿದ್ದಾರೆ ಹಾಗಾದರೆ 😄

ಶ್ರೀಧರ: ಅಂದರೆ ಅಮ್ಮನ ಫೋನಿನಲ್ಲಿ ಬರುತ್ತಿರುವುದು ದೊಡ್ಡಮಾವನ ಹಾಡಾ?

ದೊಡ್ಡಮಾವ: ಅದು ಭಕ್ತಿಗೀತೆ. ಅದರಲ್ಲಿ ತಪ್ಪೇನಿದೆ.

ದೊಡ್ಡಮಾವ: ಅದು ನನ್ನ ಫೋನಿಗೆ ಹೇಗೆ ಬಂತು ಅಂತ ನನಗೂ ಗೊತ್ತಿಲ್ಲ.

ರಘು: 😂😂😂

(ಸುಮಾರು ಒಂದು ಗಂಟೆ ಗುಂಪು ತಣ್ಣಗಿತ್ತು. ಆಮೇಲೆ.)

ಸರೋಜ ಚಿಕ್ಕಮ್ಮ: 155223ಕ್ಕೆ ಮಾಡಿದೆ, ಹಾಡು ನಿಂತಿತು. ಕಟ್ ಆದ ದುಡ್ಡಿಗೆ 198ಕ್ಕೆ ದೂರು ಕೊಟ್ಟಿದ್ದೇನೆ. ಉದ್ದದ ನಂಬರ್ ಹೇಳಿದರು, ಕೈಗೆ ಬೇರೆ ಏನೂ ಸಿಗದೆ ರಘುವಿನ ಮದುವೆ ಕಾರ್ಡಿನ ಮೇಲೆ ಬರೆದಿಟ್ಟಿದ್ದೇನೆ.

ರಘು: ಆ ಕಾರ್ಡ್ ಇನ್ನೂ ಇದೆಯಾ ಅತ್ತೆ?

ಸರೋಜ ಚಿಕ್ಕಮ್ಮ: ಡ್ರಾಯರಿನಲ್ಲಿತ್ತು. ಕೆಳಗಡೆ ಖಾಲಿ ಇತ್ತು, ಅಲ್ಲೇ ಬರೆದೆ.

ದೊಡ್ಡಮಾವ: ಖಾಲಿ ಇತ್ತಾ?