ಕ್ಲೀನ್‌ರೂಮಿನ ಮಾತುಗಳನ್ನು ಕನ್ನಡದಲ್ಲಿ ಹೇಗೆ ಹೇಳಿಕೊಡುತ್ತೀರಿ?

ತುಂಗೆದಡ, ಶಿವಮೊಗ್ಗ

ನಮಸ್ಕಾರ. ನಾನು ಇಲ್ಲಿನ ಒಂದು ಆಸ್ಪತ್ರೆಯಲ್ಲಿ ಫಾರ್ಮಸಿಸ್ಟ್. ಡ್ರಿಪ್‌ಗೆ ಹಾಕುವ ಔಷಧಿ ಬೆರೆಸಲು ಹೊಸದಾಗಿ ಕ್ಲೀನ್‌ರೂಮ್ (ಗಾಳಿಯಲ್ಲಿ ಕಣ ತೀರ ಕಡಿಮೆ ಇರುವ ಹಾಗೆ ಕಾಯುವ ಕೋಣೆ) ಮಾಡುತ್ತಿದ್ದಾರೆ. ಮುಂದೆ ಕ್ಯಾನ್ಸರಿನ ಕಿಮೋ ಔಷಧಿಯೂ ಅಲ್ಲೇ ಅಂತೆ. ಕೆಲಸದವರಿಗೆ ತರಬೇತಿ ಕೊಡುವುದು ನನ್ನ ಪಾಲಿಗೆ ಬಂದಿದೆ. ಒರೆಸುವ ಕೆಲಸಕ್ಕೆ ಬರುವ ಇಬ್ಬರು ಅಕ್ಕಂದಿರು ಹೊಸನಗರದ ಕಡೆಯವರು. ಕನ್ನಡ ಚೆನ್ನಾಗಿ ಓದುತ್ತಾರೆ, ಕೈಪಿಡಿ ಮಾತ್ರ ಪೂರ್ತಿ ಇಂಗ್ಲಿಷ್.

ನಾನು ಎಲ್ಲದಕ್ಕೂ ಸ್ವಚ್ಛ, ಸ್ವಚ್ಛ ಅಂತ ಹೇಳಿ ಸಿಕ್ಕಿಬಿದ್ದೆ. ಮೊನ್ನೆ ಒಬ್ಬರು ಕೇಳಿದರು: "ಮೇಡಂ, ಸ್ಪಿರಿಟ್ ಹಾಕಿ ಒರೆಸಿದ ಟೇಬಲ್ಲೂ ಸ್ವಚ್ಛ, ಸೂಜಿಯೂ ಸ್ವಚ್ಛ. ಮತ್ತೆ ಸೂಜಿ ಟೇಬಲ್ಲಿಗೆ ತಾಗಿದರೆ ಯಾಕೆ ಬಿಸಾಡಬೇಕು?" ಅವರ ಪ್ರಶ್ನೆ ಸರಿಯಾಗಿಯೇ ಇದೆ, ತಪ್ಪಿದ್ದು ನನ್ನ ಪದ. ಇನ್ನೊಂದು, ಕಂಟ್ರಾಕ್ಟರ್ ಕ್ಲಾಸ್ 100 ಅನ್ನುತ್ತಾರೆ, ಕೈಪಿಡಿಯಲ್ಲಿ ಐಎಸ್‌ಒ 5 ಅಂತಿದೆ, ನೋಡಲು ಬಂದವರು ಗ್ರೇಡ್ ಎ ಅಂದರು. ಮೂರೂ ಒಂದೇನಾ?

ಅಡಿಕೆತೋಟ, ತೀರ್ಥಹಳ್ಳಿ

ನಾನು ಬೆಂಗಳೂರಿನಲ್ಲಿ ಇಂಜೆಕ್ಷನ್ ತಯಾರಿಸುವ ಕಡೆ 14 ವರ್ಷ ಕೆಲಸ ಮಾಡಿದವನು, ಈಗ ಊರಲ್ಲಿದ್ದೇನೆ. ಮೊದಲು ಲೆಕ್ಕ ಹೇಳುತ್ತೇನೆ.

ಕ್ಲಾಸ್ 100 ಅಮೆರಿಕದ ಹಳೆಯ ಅಳತೆ. ಒಂದು ಘನ ಅಡಿ ಗಾಳಿಯಲ್ಲಿ ಅರ್ಧ ಮೈಕ್ರಾನ್ ಅಥವಾ ಅದಕ್ಕಿಂತ ದೊಡ್ಡ ಕಣ 100 ಮೀರಬಾರದು ಅಂತ. ಅದು 2001ರಲ್ಲೇ ರದ್ದಾಯಿತು, ಬಾಯಿಮಾತಿನಲ್ಲಿ ಉಳಿದುಕೊಂಡಿದೆ. ಐಎಸ್‌ಒ ಅಂತರರಾಷ್ಟ್ರೀಯ ಅಳತೆ, ಅದು ಎಣಿಸುವುದು ಘನ ಮೀಟರಿಗೆ. ಒಂದು ಘನ ಮೀಟರ್ ಅಂದರೆ ಸುಮಾರು 35 ಘನ ಅಡಿ, ಹಾಗಾಗಿ ಆ 100 ಇಲ್ಲಿ 3,520 ಆಗುತ್ತದೆ, ಅದೇ ಐಎಸ್‌ಒ 5. ಐಎಸ್‌ಒ 7ಕ್ಕೆ 3,52,000, ಐಎಸ್‌ಒ 8ಕ್ಕೆ 35,20,000. ಎ, ಬಿ, ಸಿ, ಡಿ ಗ್ರೇಡ್‌ಗಳು ನಮ್ಮ ಷೆಡ್ಯೂಲ್ ಎಂ (ಔಷಧಿ ತಯಾರಿಕೆಗೆ ನಮ್ಮ ದೇಶದ ನಿಯಮ) ಕಡೆಯವು, ಕಾರ್ಖಾನೆಗೆ ಅಂತ ಬಂದವು. ಎ ಬಗ್ಗೆ ಗೊಂದಲ ಇಲ್ಲ, ಐಎಸ್‌ಒ 5ಕ್ಕೆ ಸಮ. ಬಿ ಮಾತ್ರ ಹುಷಾರು: ಕೋಣೆ ಖಾಲಿ ಇದ್ದಾಗ ಐಎಸ್‌ಒ 5, ಜನ ಕೆಲಸ ಮಾಡುವಾಗ ಐಎಸ್‌ಒ 7. ಕಂಟ್ರಾಕ್ಟರ್ ರಿಪೋರ್ಟ್ ಕೊಟ್ಟರೆ ಎಣಿಸಿದ್ದು ಖಾಲಿ ಕೋಣೆಯಲ್ಲೋ ಕೆಲಸ ನಡೆಯುವಾಗಲೋ ಅಂತ ಕೇಳಿ.

ಈಗ ನಿಮ್ಮ ಅಕ್ಕನ ಪ್ರಶ್ನೆ. ಕ್ಲೀನ್ ಅನ್ನುವುದರಲ್ಲಿ ಹೆಚ್ಚು ಕಡಿಮೆ ಇದೆ, ಅದಕ್ಕೇ ಎಣಿಸುತ್ತಾರೆ. ಸ್ಟೆರೈಲ್ ಅನ್ನುವುದರಲ್ಲಿ ಹೆಚ್ಚು ಕಡಿಮೆ ಇಲ್ಲ. ಜೀವ ಇರುವ ಒಂದೂ ಇರಬಾರದು. ಒರೆಸಿದ ಟೇಬಲ್ ಚೊಕ್ಕಟ ಅಷ್ಟೇ. ಪ್ಯಾಕೆಟ್ಟಿನ ಒಳಗಿರುವ ಸೂಜಿ ಸ್ಟೆರೈಲ್. ಆ ಪದವನ್ನು ಕೋಣೆಗೂ ಟೇಬಲ್ಲಿಗೂ ಬಳಸಲೇಬೇಡಿ, ಅರ್ಧ ಗೊಂದಲ ಹೋಗುತ್ತದೆ.

ಮಳೆಕಾಡು, ಸಾಗರ

ನಾನು ಫಾರ್ಮಸಿಯವಳಲ್ಲ. ಬಾಳೆ ಟಿಶ್ಯೂ ಕಲ್ಚರ್ ಲ್ಯಾಬ್‌ನಲ್ಲಿದ್ದೇನೆ, ಆದರೆ ಲ್ಯಾಮಿನಾರ್ (ಸೋಸಿದ ಗಾಳಿ ಒಂದೇ ದಿಕ್ಕಿಗೆ ಬೀಸುವ ಮೇಜು) ಮುಂದೆ ಕೂತು ಮಾಡುವ ಕೆಲಸ ಒಂದೇ ತರಹ. ನಮ್ಮಲ್ಲಿ ಎಲ್ಲಕ್ಕಿಂತ ಕಷ್ಟ ಆಗಿದ್ದು ಫಸ್ಟ್ ಏರ್ ಅರ್ಥ ಮಾಡಿಸುವುದು. ನಾನು ಮೊದಲ ಗಾಳಿ ಅನ್ನುತ್ತೇನೆ: ಹೆಪಾ ಫಿಲ್ಟರಿನಿಂದ (ತೀರ ಸಣ್ಣ ಕಣವನ್ನೂ ಹಿಡಿಯುವ ಜಾಲರಿ) ಹೊರಟು ಇನ್ನೂ ಯಾವುದಕ್ಕೂ ತಾಗದೆ ಬರುವ ಗಾಳಿ. ಗಾಳಿ ಹಿಂದಿನಿಂದ ಬರುವ ಲ್ಯಾಮಿನಾರ್ ಆದರೆ ಬಾಟಲಿಯ ಹಿಂದೆ ಕೈ ಹೋಗಬಾರದು. ಮೇಲಿನಿಂದ ಬರುವುದಾದರೆ ಬಾಟಲಿಯ ಮೇಲೆ ಕೈ ಆಡಬಾರದು. ಎರಡನ್ನೂ ಬಾಯಿಪಾಠ ಮಾಡಿಸಿದರೆ ಅದಲುಬದಲಾಗುತ್ತದೆ, ಗಾಳಿ ಎಲ್ಲಿಂದ ಬರುತ್ತಿದೆ ಅಂತ ಕೇಳುವುದನ್ನು ಕಲಿಸಿ.

ಮಳೆಗಾಲದಲ್ಲಿ ರಟ್ಟಿನ ಡಬ್ಬ ಒಳಗೆ ಬಿಡಲೇಬೇಡಿ. ನಮ್ಮೂರ ಥಂಡಿಗೆ ಗೋಡೌನಿನಲ್ಲಿ ನಾಲ್ಕು ದಿನ ಇಟ್ಟ ರಟ್ಟು ಬೂಷ್ಟು ಹಿಡಿದಿರುತ್ತದೆ, ಕಣ್ಣಿಗೆ ಕಾಣದಿದ್ದರೂ. ಬೂಷ್ಟಿನ ಬೀಜಕ್ಕೆ 70 ಪರ್ಸೆಂಟ್ ಸ್ಪಿರಿಟ್ ಸಾಕಾಗುವುದಿಲ್ಲ, ಅದಕ್ಕೇ ಸ್ಪೋರಿಸೈಡಲ್ ಅಂತ ಆ ಬೀಜವನ್ನೂ ಕೊಲ್ಲುವ ಬೇರೆ ದ್ರಾವಣ ಇರುವುದು. ಎರಡಕ್ಕೂ ಔಷಧಿ ಹಾಕಿ ಒರೆಸಿ ಅಂತ ಒಂದೇ ಮಾತು ಹೇಳಬೇಡಿ.

ಬಟ್ಟೆ ಬದಲಾಯಿಸುವ ಕೋಣೆಗೆ ನಮ್ಮಲ್ಲಿ ಕೆಲವರು ಮಡಿ ಅನ್ನುತ್ತಾರೆ. ಬೇಗ ಅರ್ಥ ಆಗುತ್ತದೆ.

ಬಿಳಿಕೋಟು, ಭದ್ರಾವತಿ

ಅಕ್ಕ, ಮಿಕ್ಕಿದ್ದೆಲ್ಲ ಒಪ್ಪಿದೆ. ಮಡಿ ಮಾತ್ರ ಬೇಡ. ಮಡಿಯಲ್ಲಿ ಯಾರು ಮುಟ್ಟಿದರು ಅನ್ನುವುದೇ ದೊಡ್ಡದು. ಇಲ್ಲಿ ಡಾಕ್ಟರ್ ಚರ್ಮದಿಂದಲೂ ಕಣ ಉದುರುತ್ತದೆ, ನನ್ನದರಿಂದಲೂ ಉದುರುತ್ತದೆ. ಒರೆಸುವವರ ಕಿವಿಗೆ ಆ ಪದ ಬೇರೆಯೇ ಆಗಿ ಬೀಳುತ್ತದೆ. ಅವರನ್ನು ಇಡೀ ದಿನ ಆ ಪದದ ಎದುರು ನಿಲ್ಲಿಸುವುದು ನನಗೆ ಸರಿ ಕಾಣುವುದಿಲ್ಲ.

ನಾನು ನರ್ಸ್. ಬಿಯುಡಿ (ಬಿಯಾಂಡ್ ಯೂಸ್ ಡೇಟ್) ಬಗ್ಗೆ ಯಾರೂ ಹೇಳಲಿಲ್ಲ. ಎಕ್ಸ್‌ಪೈರಿ ಕಂಪನಿ ಅಚ್ಚು ಹಾಕಿದ್ದು. ಬಿಯುಡಿ ಬೆರೆಸಿದ ಮೇಲೆ ನಾವು ಬರೆಯುವ ಗಡುವು. ಹಿಂದೆ ನಾನಿದ್ದ ಕಡೆ ಬ್ಯಾಗಿನ ಮೇಲೆ ಬರೀ "12" ಅಂತ ಬರೆದಿದ್ದರು. ಬರೆದವರ ಲೆಕ್ಕದಲ್ಲಿ 12 ಗಂಟೆ, ವಾರ್ಡಿನಲ್ಲಿ ಓದಿದವಳು 12ನೇ ತಾರೀಕು ಅಂದುಕೊಂಡು ಎತ್ತಿಟ್ಟಳು. ಹಾಕುವ ಮೊದಲು ಸಿಸ್ಟರ್ ಒಬ್ಬರು ನೋಡಿದ್ದರಿಂದ ಉಳಿಯಿತು. "ಇಷ್ಟು ಗಂಟೆಯೊಳಗೆ ಹಾಕಿ" ಅಂತ ತಾರೀಕು, ಸಮಯ ಎರಡನ್ನೂ ಬರೆಸಿ.

ಅಡಿಕೆತೋಟ, ತೀರ್ಥಹಳ್ಳಿ

ಸಿಸ್ಟರ್ ಹೇಳಿದ್ದು ಸರಿ. ಸ್ಟೆರೈಲ್ ಔಷಧಿ ಬೆರೆಸುವುದಕ್ಕೆ ಅಮೆರಿಕದಲ್ಲಿರುವ ನಿಯಮ ಯುಎಸ್‌ಪಿ 797ರಲ್ಲಿ ಎಲ್ಲಕ್ಕಿಂತ ಕೆಳಗಿನ ವರ್ಗಕ್ಕೆ (ಕೆಟಗರಿ 1) ಫ್ರಿಜ್ಜಿನ ಹೊರಗೆ ಇಟ್ಟರೆ 12 ಗಂಟೆ, ಫ್ರಿಜ್ಜಿನಲ್ಲಿ 24 ಗಂಟೆ, ಅಷ್ಟೇ.

ತುಂಗೆದಡ ಅವರೇ, ಕಿಮೋ ಅಲ್ಲೇ ಅಂದಿರಲ್ಲ, ಅದನ್ನು ಈಗಲೇ ನಿಲ್ಲಿಸಿ ಕೇಳಿ. ಮಾಮೂಲಿ ಬಫರ್ ರೂಮ್ (ಔಷಧಿ ಬೆರೆಸುವ ಒಳಕೋಣೆ) ಗಾಳಿಯ ಒತ್ತಡದಲ್ಲಿ ಪಾಸಿಟಿವ್, ಅಂದರೆ ಬಾಗಿಲು ತೆರೆದರೆ ಗಾಳಿ ಹೊರಕ್ಕೆ ನೂಕುತ್ತದೆ, ಕೊಳೆ ಒಳಗೆ ಬರದ ಹಾಗೆ. ಕಿಮೋ ಕೋಣೆ ನೆಗೆಟಿವ್, ಗಾಳಿ ಒಳಕ್ಕೇ ಎಳೆಯಬೇಕು, ವಿಷ ಹೊರಗೆ ಹೋಗದ ಹಾಗೆ. ಒಂದೇ ಕೋಣೆ ಎರಡೂ ಆಗುವುದಿಲ್ಲ. ಹಿಂದಿನಿಂದ ಗಾಳಿ ಬೀಸುವ ಲ್ಯಾಮಿನಾರ್‌ನಲ್ಲಿ ಕಿಮೋ ಬೆರೆಸಿದರೆ ಅದು ನೇರ ನಿಮ್ಮ ಮುಖಕ್ಕೆ. ಅದಕ್ಕೆ ಗಾಳಿ ಮುಖಕ್ಕೆ ಬರದ ಬಯೋಸೇಫ್ಟಿ ಕ್ಯಾಬಿನೆಟ್ಟಿನಂಥದ್ದೇ ಬೇಕು.

ತುಂಗೆದಡ, ಶಿವಮೊಗ್ಗ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಕಿಮೋ ವಿಷಯ ಇವತ್ತೇ ಬರವಣಿಗೆಯಲ್ಲಿ ಕೇಳಿದ್ದೇನೆ, ಉತ್ತರ ಬರುವವರೆಗೆ ಅಲ್ಲಿ ಬೆರೆಸುವುದಿಲ್ಲ. ಬಟ್ಟೆ ಬದಲಾಯಿಸುವ ಕೋಣೆಗೆ ಆಂಟೆರೂಮ್ ಅಂತಲೇ ಇಟ್ಟುಕೊಂಡೆವು. ಮೊದಲ ಗಾಳಿ ಅಂತ ಹೇಳಿಕೊಟ್ಟಾಗ ಸೂಜಿಯ ಪ್ರಶ್ನೆ ಕೇಳಿದ ಅಕ್ಕನೇ ತಿದ್ದಿದರು. "ಮೊದಲ ಅಂದರೆ ಬೆಳಗ್ಗಿನದು ಅನ್ನಿಸುತ್ತದೆ ಮೇಡಂ, ತಾಗದ ಗಾಳಿ ಅನ್ನಿ." ಈಗ ಲ್ಯಾಮಿನಾರ್ ಪಕ್ಕದ ಗೋಡೆಗೆ ಲ್ಯಾಮಿನೇಟ್ ಮಾಡಿ ಅಂಟಿಸಿದ ಹಾಳೆಯಲ್ಲಿ ಅದೇ ಪದ ಇದೆ.