ಉಡುಪಿಯಲ್ಲಿ ಹಳೆ .315 ರೈಫಲ್ ತಗೊಳ್ಳುವುದಾ, ಹೊಸ ಮಾದರಿಗೆ ಕಾಯುವುದಾ?

ಪ್ರಶ್ನೆ (ಉಡುಪಿ): ಪೊಲೀಸರ ಹೆಗಲ ಮೇಲಿನ .303 ರೈಫಲ್ ಮೇಲೆ ಮೊದಲಿಂದಲೂ ಆಸೆ. ಈಗ ರೈಫಲ್ ಲೈಸನ್ಸ್ ಆಗಿದೆ. ಸೆಕೆಂಡ್ ಹ್ಯಾಂಡ್ .315 ಒಂದು ನೋಡಿಟ್ಟಿದ್ದೇನೆ. ಅದನ್ನೇ ತಗೊಳ್ಳಬಹುದಾ, ಸಿಂಥೆಟಿಕ್ ಹಿಡಿಯ ಹೊಸತು ಒಳ್ಳೆಯದಾ? ಇಟ್ಟುಕೊಂಡವರು ಹೇಳಿ.

ಕಾರ್ಕಳದಿಂದ: .303 ಬಿಟ್ಟುಬಿಡಿ ಮಾರಾಯ್ರೆ, ಅದು ನಿಷೇಧಿತ ಬೋರ್ (ನಳಿಗೆಯ ಅಳತೆ). ಸೇನೆಯ ಎಸ್‌ಎಲ್‌ಆರ್ ರೈಫಲ್ ಕೂಡ ಸಿಗುವುದಿಲ್ಲ. .315 ಅಂದರೆ ಇಶಾಪುರ ಕಾರ್ಖಾನೆಯವರು .303ರ ಅದೇ ಲೀ-ಎನ್‌ಫೀಲ್ಡ್ ಬೋಲ್ಟಿಗೆ (ತೋಟೆಯನ್ನು ಒಳಗೆ ದೂಡಿ ಲಾಕ್ ಮಾಡುವ ಸರಳು) 8 ಮಿ.ಮೀ. ನಳಿಗೆ ಕೂರಿಸಿದ್ದು. ಮಿಲಿಟರಿಯದಕ್ಕೆ 10 ತೋಟೆ, ಇದಕ್ಕೆ 5. ಆಸೆ ತೀರಲಿಕ್ಕೆ ಧಾರಾಳ ಸಾಕು. 2019ರ ತಿದ್ದುಪಡಿ ನಂತರ ಒಬ್ಬರಿಗೆ ಎರಡೇ ಕೋವಿ. ತೋಟದ ಹಳೆ ಕೋವಿ ನಿಮ್ಮ ಹೆಸರಲ್ಲಿದ್ದರೆ ಅದೂ ಲೆಕ್ಕಕ್ಕೆ ಬರ್ತದೆ.

ಸುರತ್ಕಲ್‌ನಿಂದ: ಬೋಲ್ಟಿನ ನಂಬರ್, ರಿಸೀವರಿನ (ಬೋಲ್ಟ್ ಕೂರುವ ಲೋಹದ ಭಾಗ) ನಂಬರ್ ಒಂದೇ ಉಂಟಾ ನೋಡಿ. ಬೇರೆ ಇದ್ದರೆ ಬೋಲ್ಟ್ ಬದಲಾಗಿದೆ ಅಂತ ಅರ್ಥ, ಹೆಡ್‌ಸ್ಪೇಸ್ (ಬೋಲ್ಟಿನ ಮುಖಕ್ಕೂ ನಳಿಗೆಯಲ್ಲಿ ತೋಟೆ ಕೂರುವ ಜಾಗಕ್ಕೂ ನಡುವಿನ ಅಂತರ) ನಂಬಲಿಕ್ಕಾಗುವುದಿಲ್ಲ. ಅದರಲ್ಲಿ ಹೊಡೆದ ಖಾಲಿ ಕೇಸ್ (ತೋಟೆಯ ಹಿತ್ತಾಳೆ ಕೊಳವೆ) ಒಂದು ಕೇಳಿ. ಬುಡದ ಅಂಚಿಗಿಂತ ಸ್ವಲ್ಪ ಮೇಲೆ ಸುತ್ತಲೂ ಹೊಳೆಯುವ ಗೆರೆ ಇದ್ದರೆ ಹಿತ್ತಾಳೆ ಅಲ್ಲಿ ಎಳೆದು ತೆಳ್ಳಗಾಗಿದೆ, ಮುಂದೊಂದು ದಿನ ಕೇಸ್ ಅಲ್ಲೇ ತುಂಡಾಗ್ತದೆ. ಅಂಥದ್ದು ಬೇಡ. ತೋಟೆ ತುಂಬುವಾಗ ಮೇಲಿನದರ ಅಂಚು ಕೆಳಗಿನದರ ಅಂಚಿಗಿಂತ ಮುಂದೆ ಇರಬೇಕು. ಹಿಂದೆ ಬಿದ್ದರೆ ಎರಡೂ ಸಿಕ್ಕಿಹಾಕಿಕೊಂಡು ಬೋಲ್ಟ್ ಮುಂದೆ ಹೋಗುವುದಿಲ್ಲ. ಎಷ್ಟೋ ಜನ ಇದಕ್ಕೆ ಮ್ಯಾಗಝೀನಿಗೆ ಬೈತಾರೆ.

ಮಲ್ಪೆಯಿಂದ: ಇಲ್ಲಿ ಕೋವಿ ಹಾಳು ಮಾಡುವುದು ಹೊಡೆತ ಅಲ್ಲ, ಉಪ್ಪುಗಾಳಿ. ಚರ್ಮದ ಕವರಿನಲ್ಲಿ ಇಡಲೇಬೇಡಿ. ಚರ್ಮ ತೇವ ಹೀರಿ ಹಿಡಿದಿಡ್ತದೆ, ಆಟಿ ತಿಂಗಳ ಜೋರು ಮಳೆ ಕಳೆಯುವಾಗ ಕವರ್ ತಾಗಿದಲ್ಲೆಲ್ಲ ತುಕ್ಕು. ಕಬ್ಬಿಣದ ಕಪಾಟು, ಒಳಗೆ ಸಿಲಿಕಾ ಜೆಲ್, ಅದನ್ನು ಆಗಾಗ ಬಿಸಿ ಮಾಡಿ ಒಣಗಿಸುವುದು. ಹಳೆ ಸ್ಟಾಕಿನ ತೋಟೆಯಾದರೆ ಪ್ರೈಮರಿನ (ತೋಟೆಯ ಬುಡದ ಕಿಡಿಮದ್ದು) ಉಪ್ಪು ನಳಿಗೆಯಲ್ಲಿ ಉಳಿಯಬಹುದು. ಎಣ್ಣೆಗೆ ಅದು ಕರಗುವುದಿಲ್ಲ. ಬೋಲ್ಟ್ ತೆಗೆದು, ಹೊಡೆದ ದಿನವೇ ನಳಿಗೆಗೆ ಕುದಿನೀರು ಹೊಯ್ದು, ಬಟ್ಟೆಯಲ್ಲಿ ಪೂರ್ತಿ ಒರೆಸಿ, ಆಮೇಲೆ ಎಣ್ಣೆ.

ಮರದ ಹಿಡಿಗೆ ಹಸಿ ಅಗಸೆ ಎಣ್ಣೆ ತೆಳ್ಳಗೆ ಸವರಿದರೆ ಸಾಕು. ಹಿಂಬದಿ ಹಿಡಿ ಸಡಿಲವಾಗಿದೆ ಅಂತ ಸ್ಕ್ರೂಡ್ರೈವರ್ ಹಾಕಿ ಸೀದಾ ತಿರುಗಿಸಬೇಡಿ. ಹಳೆ ಲೀ-ಎನ್‌ಫೀಲ್ಡಿನಲ್ಲಿ ಹಿಂಬದಿ ಹಿಡಿ ಬಿಗಿಯುವ ಉದ್ದ ಬೋಲ್ಟಿನ ಚೌಕದ ತುದಿ ಮುಂದಿನ ಮರದೊಳಗಿನ ತಗಡಿಗೆ ಕೂತಿರ್ತದೆ. ಮುಂದಿನ ಮರ ಮೊದಲು ಕಳಚದಿದ್ದರೆ ಅದು ಸೀಳಿ ಹೋಗ್ತದೆ.

ಮಂಗಳೂರಿನಿಂದ: ಗುರಿಯ ಮಾತಾದರೆ ಹೊಸತೇ ಮೇಲು, ಅದರಲ್ಲಿ ಅನುಮಾನ ಇಲ್ಲ. ಈಗಿನ ಹೆಚ್ಚಿನ ಹೊಸ ಮಾದರಿಗಳಲ್ಲಿ ಬೋಲ್ಟ್ ಲಾಕ್ ಆಗುವ ಹಲ್ಲು ಮುಂದೆ ತೋಟೆಯ ಹತ್ತಿರವೇ ಇರ್ತದೆ, ನಳಿಗೆ ಹಿಡಿಗೆ ತಾಗುವುದಿಲ್ಲ, ಸಿಂಥೆಟಿಕ್ ಮಳೆಗೆ ಉಬ್ಬುವುದಿಲ್ಲ. .315ರ ಹಲ್ಲು ಹಿಂದೆ. ಮರ ಉಬ್ಬಿ ನಳಿಗೆಗೆ ಒತ್ತಿದರೆ ಬೇಸಿಗೆಯಲ್ಲಿ ಸರಿ ಮಾಡಿಟ್ಟ ಗುರಿ ಮಳೆಗಾಲದಲ್ಲಿ ಸರಿಯುತ್ತದೆ. ದುರ್ಬೀನು ಕೂರಿಸಲಿಕ್ಕೆ ರಿಸೀವರಿಗೆ ತೂತು ಹೊಡೆಸಬೇಕು, ಅದು ಲೈಸನ್ಸ್ ಇರುವ ಗನ್‌ಸ್ಮಿತ್ ಕೆಲಸ. ಆದರೆ ಬೋಲ್ಟ್ ಎಳೆದು ದೂಡುವ ಆ ನಯ ಹೊಸದರಲ್ಲಿ ಕಡಿಮೆ. ದುಡ್ಡು ಕೊಡುವ ಮೊದಲು ಅಂಗಡಿಯಲ್ಲಿ ಆ ಬೋರಿನ ತೋಟೆ ಸಿಗ್ತದಾ ಕೇಳಿ. ತೋಟೆ ಇಲ್ಲದ ರೈಫಲ್ ಬರೀ ದೊಣ್ಣೆ.

ಕಾರ್ಕಳದಿಂದ: ಒಂದು ಬಿಟ್ಟುಹೋಯಿತು. ಚುನಾವಣೆಗೆ ಠಾಣೆಯಲ್ಲಿ ಠೇವಣಿ ಇಡಲಿಕ್ಕೆ ಹೇಳಿದರೆ, ನಳಿಗೆಗೆ ಗ್ರೀಸ್ ಹಚ್ಚಿ ಕೊಡಿ, ರಶೀದಿಯಲ್ಲಿ ನಂಬರ್ ಬರೆಸಿ. ವಾಪಸ್ ಬಂದ ಮೇಲೆ ಆ ಗ್ರೀಸ್ ಪೂರ್ತಿ ತೆಗೆಯದೆ ಹೊಡೆಯಬೇಡಿ, ನಳಿಗೆ ಉಬ್ಬಬಹುದು.