ಅಪ್‌ಡೇಟ್: ಪಕ್ಕದ ಮನೆ ಅಂಕಲ್ ಕೊಟ್ಟ ಹಳೇ ಕಾರು ಸ್ಟಾರ್ಟ್ ಆಯಿತು

ಹೋದ ವಾರ ಇಲ್ಲಿ ಒಂದು ಕಾರಿನ ಬಗ್ಗೆ ಸಲಹೆ ಕೇಳಿದ್ದೆ ಅಲ್ವಾ? ಪಕ್ಕದ ಮನೆ ಅಂಕಲ್ ಕಣ್ಣು ಮಂಜಾಯಿತೆಂದು ತಮ್ಮ ಹಳೇ ಕಾರನ್ನು ನನಗೆ ಕೊಟ್ಟಿದ್ದರು. ಎರಡು ವರ್ಷ ನಿಂತಲ್ಲೇ ನಿಂತಿದ್ದ ಅದು ಸ್ಟಾರ್ಟ್ ಆಗುತ್ತಿರಲಿಲ್ಲ, ಹಿಂದಿನ ಚಕ್ರವೂ ತಿರುಗುತ್ತಿರಲಿಲ್ಲ. ನಿನ್ನೆ ಸಂಜೆ ಎರಡೂ ಸರಿಹೋಯಿತು!

ಮೊದಲು ಬ್ಯಾಟರಿ ಬದಲಾಯಿಸಿದೆ. 12.6 ವೋಲ್ಟ್ ತೋರಿಸಿತು, ಅಂದರೆ ಪೂರ್ತಿ ಚಾರ್ಜ್. ಎಂಜಿನ್ ತಿರುಗಿಸುವ ಸ್ಟಾರ್ಟರ್ ಮೋಟಾರ್ ಚೆನ್ನಾಗಿ ತಿರುಗಿತು, ಆದರೂ ಎಂಜಿನ್ ಹತ್ತಿಕೊಳ್ಳಲಿಲ್ಲ. ತಳ್ಳಿ ನೋಡಿ ಅಂದವರ ಮಾತು ನಡೆಯಲಿಲ್ಲ, ಚಕ್ರವೇ ಕಚ್ಚಿಕೊಂಡಿತ್ತಲ್ಲ. ಕೆಲಸಕ್ಕೆ ಬಂದದ್ದು ಹಳೇ ಪೆಟ್ರೋಲ್ ಪೂರ್ತಿ ತೆಗೆಯಿರಿ ಎಂಬ ಸಲಹೆ. ತೆಗೆದಾಗ ವಾರ್ನಿಷ್ ವಾಸನೆ! ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬ್ಯುರೇಟರ್ ಬಿಚ್ಚಿದರೆ, ಪೆಟ್ರೋಲ್ ಹಾಯುವ ಸಣ್ಣ ತೂತಿನ ಜೆಟ್‌ಗಳ ತುಂಬ ಅಂಟು. ಕ್ಲೀನರ್ ಹಾಕಿ ತೊಳೆದು ಹೊಸ ಪೆಟ್ರೋಲ್ ಸುರಿದ ಮೇಲೆ ಮೂರನೇ ಸಲಕ್ಕೆ ಹತ್ತಿಕೊಂಡಿತು. ಹೇಳಿದವರಿಗೆ ತುಂಬಾ ಥ್ಯಾಂಕ್ಸ್.

ನನಗೆ ಗೊತ್ತೇ ಇರದಿದ್ದದ್ದು ಹ್ಯಾಂಡ್‌ಬ್ರೇಕ್ ವಿಷಯ. ತುಂಬ ದಿನ ಎಳೆದೇ ಇಟ್ಟರೆ ತೇವಕ್ಕೆ ತುಕ್ಕು ಹಿಡಿದು ಬ್ರೇಕ್ ಶೂ (ಒತ್ತಿ ಚಕ್ರ ನಿಲ್ಲಿಸುವ ಪಟ್ಟಿ), ಚಕ್ರದ ಜೊತೆ ತಿರುಗುವ ಡ್ರಮ್‌ಗೆ ಅಂಟಿಕೊಳ್ಳುತ್ತದೆ. ಡ್ರಮ್ ಸುತ್ತ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದಾಗ ಬಿಟ್ಟಿತು. ಜಾಸ್ತಿ ದಿನ ನಿಲ್ಲಿಸುವುದಾದರೆ ಸಮತಟ್ಟು ಜಾಗದಲ್ಲಿ ಗೇರ್‌ಗೆ ಹಾಕಿ, ಚಕ್ರಕ್ಕೆ ಅಡ್ಡ ಕೊಡಿ. ಹ್ಯಾಂಡ್‌ಬ್ರೇಕ್ ಬೇಡ.

ಇಷ್ಟೂ ಹೊತ್ತು ಅಂಕಲ್ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದರು. ಸದ್ದು ಕೇಳಿಯೇ, "ಚೋಕ್ ಸ್ವಲ್ಪ ಒಳಗೆ ತಳ್ಳಪ್ಪಾ" ಅಂದರು. ಚೋಕ್ ಅಂದರೆ ತಣ್ಣಗಿರುವ ಎಂಜಿನ್ ಹತ್ತಿಸಲು ಗಾಳಿ ಕಡಿಮೆ ಮಾಡುವ, ಎಳೆಯುವ ಗುಂಡಿ. ತಳ್ಳಿದೆ, ಎಂಜಿನ್ ಒಂದೇ ಹದಕ್ಕೆ ಬಂತು. ಆಮೇಲೆ ಅವರು ಬಾನೆಟ್ ಮೇಲೆ ಕೈಯಿಟ್ಟುಕೊಂಡು ಸುಮ್ನೆ ನಿಂತರು. ನನಗೂ ಮಾತು ಬರಲಿಲ್ಲ.

ಕಾಗದಪತ್ರ, ವಿಮೆ ನನ್ನ ಹೆಸರಿಗೆ ಆಗುವವರೆಗೆ ರಸ್ತೆಗೆ ಇಳಿಸುವುದಿಲ್ಲ. ಇಳಿಸಿದ ದಿನ ಮೊದಲ ರೌಂಡ್‌ಗೆ ಅಂಕಲ್ ಜೊತೆಗಿರುತ್ತಾರೆ.